ಮೂರು ಗೀಟಿನ ಚೋಕ್

ಕಿರಾತನ ವೇಷ ತೊಟ್ಟು ಕಾಡಿಗಿಳಿದು, ಒಂದೇ ಹಂದಿಯ ಮೈಯಲ್ಲಿ ನೆಟ್ಟ ಎರಡು ಬಾಣಗಳಿಗಾಗಿ ತನ್ನ ಭಕ್ತನೊಡನೆಯೇ ಜಗಳಕ್ಕೆ ನಿಂತ ಮುಕ್ಕಣ್ಣನಿಗೆ ಮೊದಲ ನಮಸ್ಕಾರ. ಬಾಣ ಯಾರದೆಂಬ ಸಂದೇಹ ಅಂಥವರನ್ನೇ ಬಿಡಲಿಲ್ಲವೆಂದ ಮೇಲೆ ಮನೆ ಮಠ ಕಟ್ಟಿಕೊಂಡ ನಮ್ಮಂಥವರ ಪಾಡೇನು? ಹಣೆಗಣ್ಣನ್ನು ಮುಚ್ಚಿಕೊಂಡು, ಉಳಿದೆರಡು ಕಣ್ಣುಗಳ ಕರುಣೆಯಿಂದ ಆತನೇ ಈ ಕಥೆಯನ್ನು ದಡ ಮುಟ್ಟಿಸಲಿ.

ನಲವತ್ತು ಗಜ ದೂರದಿಂದ ಕೋವಿ ಹಾರಿಸಿ ಬಂದು, ಹಲಗೆಗೆ ಬಿಗಿದಿದ್ದ ಹಾಳೆಯ ಎದುರು ದೇವೇಂದ್ರ ನಾಯಕ ಬಹಳ ಹೊತ್ತು ನಿಂತಿದ್ದ. ಹಾಳೆಯ ನಡುವೆ ಅವನೇ ಪೆನ್ನಿನಿಂದ ಬರೆದ ಹೆಬ್ಬಾತಿನ ಸುತ್ತ ತೂತುಗಳು ಬೇಕಾದಷ್ಟಿದ್ದವು. ಹಕ್ಕಿಯ ಕತ್ತಿನಲ್ಲಿ ಒಂದೂ ಇರಲಿಲ್ಲ. ಎದೆಯ ಅಂಚಿನಲ್ಲಿ ಒಂದೆರಡು ಮಾತ್ರ. ಅವನು ಅಂಗೈಯನ್ನು ಹಾಳೆಯ ಮೇಲೆ ಹರಡಿಟ್ಟು ನೋಡಿದ. ಇಡೀ ಅಂಗೈ ಒಂದು ತೂತನ್ನೂ ಮುಚ್ಚದೆ ಬಿಳಿಯ ಜಾಗದಲ್ಲಿ ಕೂತಿತು. ಇಷ್ಟು ತೆಳ್ಳಗೆ ಚದುರಿದ ಗುಂಡು ಹಕ್ಕಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ.

ಕಳೆದ ಶನಿವಾರ ಆದದ್ದೂ ಅದೇ. ಜೊಂಡಿನ ನಡುವೆ ಗೆಳೆಯ ಬಾಲುವಿನ ಪಕ್ಕದಲ್ಲಿ ಕೂತು ಅವನು ಹಾರಿಸಿದ ಗುಂಡಿಗೆ ಎರಡು ಹೆಬ್ಬಾತುಗಳು ಗಾಳಿಯಲ್ಲಿ ತತ್ತರಿಸಿದವು, ಕಾಲು ಜೋತುಬಿಟ್ಟುಕೊಂಡು ದೂರದ ಕೆಸರಿಗೆ ಬಿದ್ದವು. ಮಧ್ಯಾಹ್ನದವರೆಗೆ ಎದೆಮಟ್ಟದ ನೀರಿನಲ್ಲಿ ಇಬ್ಬರೂ ಹುಡುಕಿದರು. ಸಿಗಲಿಲ್ಲ.

ದೇವೇಂದ್ರ ಕಡಲಾಚೆಯ ಆಬರ್ನ್ ಹಿಲ್ಸಿನಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರು. ಹುಟ್ಟಿದ್ದು ಸುರಪುರದ ಕಡೆಯ ಬೇಡರ ಮನೆತನದಲ್ಲಿ. ಅಜ್ಜನ ಕಾಲದಿಂದ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಗಾಯಗೊಂಡ ಬೇಟೆಯನ್ನು ಬಿಟ್ಟು ಬಂದವನು, ತಪ್ಪು ಯಾರದೆಂದು ತಿಳಿಯುವ ತನಕ ಒಲೆಯ ಬಿಸಿ ಅನ್ನ ಮುಟ್ಟುವಂತಿಲ್ಲ. ತಪ್ಪು ತನ್ನದೇ ಆಗಿದ್ದರೆ ಒಂದು ವರ್ಷ ಕೋವಿ ಮುಟ್ಟುವಂತಿಲ್ಲ. ಶನಿವಾರದಿಂದ ದೇವೇಂದ್ರ ತಂಗಳುಣ್ಣುತ್ತಿದ್ದ. ತಪ್ಪು ತನ್ನದಲ್ಲವೆಂದು ಅವನ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು. ಸಾಕ್ಷಿ ಹುಡುಕುವುದಷ್ಟೇ ಬಾಕಿ.

ಸಂದೇಹ ಹುಟ್ಟಿದ್ದು ತೋಟಾಗಳ ಮೇಲೆ. ನೀರುಹಕ್ಕಿಗಳ ಬೇಟೆಗೆ ತೋಟಾದೊಳಗೆ ಸೀಸದ ಕಾಳು ತುಂಬುವುದು ಈ ದೇಶದಲ್ಲಿ ನಿಷಿದ್ಧ. ಕೆಸರಿನಲ್ಲಿ ಉಳಿದ ಸೀಸವನ್ನು ನುಂಗಿ ಹಂಸಗಳು ಸಾಯುತ್ತವೆ. ಉಕ್ಕಿನ ಕಾಳು ಹಗುರ, ದೂರ ಹೋದಂತೆ ಸತ್ವ ಕಳೆದುಕೊಳ್ಳುತ್ತದೆ. ಈ ವರ್ಷ ಬಾಲುವೇ ಹಟ ಹಿಡಿದು ಟಂಗ್‌ಸ್ಟನ್ ಕಾಳು ತರಿಸಿದ್ದ. ಸಾಸಿವೆಗಿಂತ ತುಸು ದಪ್ಪ, ಸೀಸಕ್ಕಿಂತ ಭಾರ. ತನ್ನ ಗರಾಜಿನಲ್ಲಿ ಕೂತು ಮದ್ದು ಅಳೆದು, ಕಾಳು ತುಂಬಿ, ಇಬ್ಬರಿಗೂ ತೋಟಾ ಕಟ್ಟಿದ್ದವನೂ ಅವನೇ. ಕೊಡುವಾಗ ಹೇಳಿದ್ದ:

"ಈ ಕಾಳು ಕಲ್ಲಿನ ಥರ ಗಟ್ಟಿ ಕಣೋ. ಬಿಗಿ ಚೋಕ್ ಹಾಕ್ಬೇಡ, ನಳಿಗೆ ಬಾಯಿ ಬಿರಿದುಹೋಗತ್ತೆ. ತೀರಾ ಲೂಸೂ ಬೇಡ. ಮೂರು ಗೀಟಿಂದು ಹಾಕ್ಕೋ."

ಚೋಕ್ ಎಂದರೆ ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಬೆರಳುದ್ದದ ಕೊಳವೆ. ಅದು ಬಿಗಿಯಾದಷ್ಟೂ ಕಾಳುಗಳು ಒತ್ತಾಗಿ ಹೋಗುತ್ತವೆ, ಸಡಿಲವಾದಷ್ಟೂ ಚದುರುತ್ತವೆ. ಯಾವುದು ಎಷ್ಟು ಬಿಗಿ ಎನ್ನುವುದಕ್ಕೆ ಅಂಚಿನಲ್ಲಿ ಸಣ್ಣ ಗೀಟುಗಳನ್ನು ಕೊರೆದಿರುತ್ತಾರೆ: ಒಂದೇ ಇದ್ದರೆ ಅತಿ ಬಿಗಿ, ಐದಿದ್ದರೆ ಅತಿ ಸಡಿಲ. ಶನಿವಾರ ನಸುಕಿನ ಕತ್ತಲಲ್ಲಿ ಕಾರಿನೊಳಗೆ ಕೂತು ದೇವೇಂದ್ರ ಬೆರಳಿನಿಂದಲೇ ಗೀಟು ಎಣಿಸಿ ಚೋಕ್ ಕೂರಿಸಿದ್ದ. ಈಗ ಕೋವಿಯನ್ನು ಖಾಲಿ ಮಾಡಿ, ಮಸಿ ಹಿಡಿದ ಆ ಅಂಚಿನ ಮೇಲೆ ಮತ್ತೊಮ್ಮೆ ಉಗುರಾಡಿಸಿದ. ಮೂರು. ಚೋಕ್ ಸರಿಯಿದೆ ಅಂದಮೇಲೆ ತೋಟಾದಲ್ಲಿ ಮೋಸವಿದೆ. ಹಾಳೆಯನ್ನು ಸುರುಳಿ ಸುತ್ತಿಕೊಂಡು ಮನೆಗೆ ಹೊರಟ.

ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತೋಟಾವನ್ನು ಜೋಪಾನವಾಗಿ ಸೀಳಿ, ಮದ್ದನ್ನು ಬೇರೆ ತೆಗೆದಿರಿಸಿ, ಕಾಳುಗಳನ್ನು ಸ್ಟೀಲ್ ಬಟ್ಟಲಿಗೆ ಸುರಿದಾಗ ಹೆಂಡತಿ ಪದ್ಮ ಹಿಂದೆ ಬಂದು ನಿಂತಳು.

"ಏನ್ರೀ ಇದು? ನನ್ನ ಒಗ್ಗರಣಿ ಬಟ್ಟಲಾನ ಬೇಕಿತ್ತೇನು ನಿಮಗ?"

"ತೊಳದ ಕೊಡ್ತೀನಿ ಬಿಡು."

"ತೊಳಿಯೂದು ಬ್ಯಾಡ, ಇನ್ನ ನೀವ ಇಟ್ಕೋರಿ ಅದನ್ನ. ಒಳ್ಳೆ ಬಿಸಿ ರೊಟ್ಟಿ ಮುಂದಿಟ್ರ ತಂಗಳ ತಿಂತೀರಿ. ಬಾಲು ಅಣ್ಣಾರಿಗೆ ಒಂದ್ ಫೋನ್ ಮಾಡಿ ಕೇಳಾಕ ಏನ್ ಆಗ್ಯದ?"

"ಕೇಳಿದ್ರ ಹೌದು ನಾನ ಮಾಡೀನಿ ಅಂತಾನೇನು ಅಂವ?"

"ಇಪ್ಪತ್ತ್ ವರ್ಷದ ಗೆಳ್ಯಾ, ಒಂದ್ ಬಾತಿನ ಸಲುವಾಗಿ ಕಳ್ಳ ಆದ್ರಾ?" ಎಂದು ಪದ್ಮ ರೊಟ್ಟಿಯ ಡಬ್ಬಿಯನ್ನು ಸದ್ದು ಮಾಡಿ ಮುಚ್ಚಿದಳು.

ರಜೆಗೆ ಬಂದಿದ್ದ ಮಗಳು ವರ್ಷಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುತ್ತಿದ್ದಳು. ಕಾಳುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಔಷಧದ ಸಿರಿಂಜಿನಲ್ಲಿ ನೀರು ಹಿಡಿದು, ಕಾಳು ಬಿದ್ದಾಗ ನೀರು ಎಷ್ಟು ಏರಿತೆಂದು ನೋಡಿದಳು.

"ಅಪ್ಪಾ, ಇಟ್ಸ್ ಟಂಗ್‌ಸ್ಟನ್. ನೀರಿಗಿಂತ ಆಲ್ಮೋಸ್ಟ್ ಏಯ್ಟೀನ್ ಟೈಮ್ಸ್. ಬಾಲು ಅಂಕಲ್ ಈಸ್ ನಾಟ್ ಚೀಟಿಂಗ್ ಯು." ಸಿರಿಂಜನ್ನು ಕೆಳಗಿಟ್ಟು ಸೇರಿಸಿದಳು: "ಮೇ ಬಿ ಯು ಜಸ್ಟ್ ಮಿಸ್ಡ್?"

ದೇವೇಂದ್ರ ಕಾಳುಗಳನ್ನು ಬಟ್ಟಲಿಗೆ ಮರಳಿ ಸುರಿದುಕೊಂಡ. ಒಂದು ಬಾಗಿಲು ಮುಚ್ಚಿದರೆ ಸಂದೇಹವೇನೂ ಊರು ಬಿಡುವುದಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕಾಳು ಸರಿಯಿದೆ, ಮದ್ದು? ಮಗಳು ತೂಗಿದ್ದು ಲೋಹವನ್ನು, ಗೆಳೆಯನ ಮನಸ್ಸನ್ನಲ್ಲ. ಅವನಿಗೆ ಆಯುಧಪೂಜೆಯ ದಿನ ನೆನಪಾಯಿತು. ಕೋವಿಯನ್ನು ಬಿಚ್ಚಿ, ಮಣೆಯ ಮೇಲೆ ಬಿಳಿಯ ಬಟ್ಟೆ ಹಾಸಿ, ನಳಿಗೆಗೂ ಸಾಲಾಗಿ ನಿಲ್ಲಿಸಿದ ಚೋಕ್‌ಗಳಿಗೂ ಅಜ್ಜ ಹಚ್ಚುತ್ತಿದ್ದಂತೆಯೇ ಉಂಗುರದ ಬೆರಳಿನಿಂದ ಗಂಧ ಹಚ್ಚಿ ಪೂಜೆ ಮಾಡಿದ್ದ. ಬಾಲುವೂ ಬಂದಿದ್ದ. ಮಂಗಳಾರತಿಯ ಹೊತ್ತಿಗೆ ಚೋಕ್‌ಗಳ ಡಬ್ಬಿ ಬಾಲುವಿನ ಕೈಯಲ್ಲಿತ್ತು. ಯಾಕಿತ್ತು? ಅದಕ್ಕೂ ಹಿಂದೆ, ಹೋದ ವರ್ಷ, ಇಬ್ಬರ ಗುಂಡೂ ಒಟ್ಟಿಗೆ ಹಾರಿ ಒಂದೇ ಹಕ್ಕಿ ಬಿದ್ದಾಗ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಎಲ್ಲರೆದುರು ಅದು ತನ್ನದೇ ಎಂದು ದೇವೇಂದ್ರ ಹೇಳಿಕೊಂಡಿದ್ದ. ಬಾಲು ಆಗ ನಕ್ಕು ಸುಮ್ಮನಾಗಿದ್ದ. ಆ ನಗು ಈಗ ಬೇರೆಯೇ ರೀತಿ ಕಾಣತೊಡಗಿತು.

ಮರುದಿನ ಸಂಜೆ ಬಾಲು ತಾನಾಗಿಯೇ ಬಂದ. ಕೈಯಲ್ಲಿ ಹೊಸದಾಗಿ ಕಟ್ಟಿದ ತೋಟಾಗಳ ಪೆಟ್ಟಿಗೆಯಿತ್ತು.

"ಏನ್ ನಾಯಕ್ರೇ, ಮೆಸೇಜಿಗೆ ರಿಪ್ಲೈನೇ ಇಲ್ಲ! ಇನ್ನೂ ವ್ರತಾನಾ? ಶನಿವಾರ ಹೊರಡೋದು ತಾನೇ?"

ದೇವೇಂದ್ರ ಗರಾಜಿನ ಗೋಡೆಗೆ ಹಾಳೆಯನ್ನು ಬಿಡಿಸಿ ಹಿಡಿದ. "ಇದನ್ನ ನೋಡು. ನಿನ್ನ ತೋಟಾದ್ದ."

ಬಾಲು ಹತ್ತಿರ ಬಗ್ಗಿ ನೋಡಿದ. "ಏನೋ ಇದು, ರಂಗೋಲಿ ಹಾಕ್ದಂಗಿದೆ! ಯಾವ ಚೋಕ್?"

"ಮೂರ್ ಗೀಟಿಂದು. ಹಂಗಾದ್ರ ಮದ್ದು ಎಷ್ಟ್ ಹಾಕೀದಿ?"

"ಎಷ್ಟು ಹಾಕ್ಬೇಕೋ ಅಷ್ಟು."

"ನಿನ್ನ ತೋಟಾಕ್ಕೂ ನನ್ನ ತೋಟಾಕ್ಕೂ ಒಂದ ಅಳತಿ ಹಾಕೀದೇನು?"

ಬಾಲುವಿನ ಮುಖದಲ್ಲಿ ಉಳಿದಿದ್ದ ನಗು ಮೆಲ್ಲಗೆ ಇಳಿಯಿತು. "ಏನ್ ಹೇಳ್ತಿದೀಯ ನೀನು?"

"ಹೋದ ವರ್ಷದ ಹಕ್ಕಿ ಮಾತು ನೀ ಮರ್ತಿಲ್ಲ ಅಂತ ಹೇಳ್ಲಿಕತ್ತೀನಿ. ಪೂಜಿ ದಿನಾ ಚೋಕಿನ ಡಬ್ಬಿನೂ ನಿನ್ನ ಕೈಯಾಗಿತ್ತು."

"ಆರತಿ ತಟ್ಟೆ ಎತ್ಬೇಕು, ಇದನ್ನ ಹಿಡ್ಕೋ ಅಂತ ನೀನೇ ಕೊಟ್ಟೆ ಕಣೋ!" ಬಾಲು ಪೆಟ್ಟಿಗೆಯನ್ನು ಕೆಳಗಿಡಲು ಹೋದವನು ಇಡದೆ ಎದೆಗೆ ಒತ್ತಿ ಹಿಡಿದ. ಅವನ ದನಿ ತಗ್ಗಿತು. "ದೇವು, ಮದ್ದು ಕಮ್ಮಿ ಬಿದ್ರೆ ಏನಾಗತ್ತೆ ಗೊತ್ತಲ್ವಾ ನಿಂಗೆ? ಒಂದು ಗುಂಡು ನಳಿಗೆಯಲ್ಲೇ ಸಿಕ್ಕೊಳ್ಳತ್ತೆ. ಗೊತ್ತಾಗ್ದೆ ಇನ್ನೊಂದು ಹೊಡೀತೀಯ. ನಳಿಗೆ ಒಡೆದು ನಿನ್ನ ಕೈ ಹೋಗತ್ತೆ, ಕಣ್ಣು ಹೋಗತ್ತೆ. ಅದು ಗೊತ್ತಿದ್ದೂ ನಾನು ಹಾಗೆ ಮಾಡ್ತೀನಿ ಅಂತೀಯಾ?"

'ಇಲ್ಲ' ಎಂಬ ಒಂದು ಮಾತಿಗಾಗಿ ಬಾಲು ಕಾದ. ದೇವೇಂದ್ರ ಹಾಳೆಯನ್ನು ಮತ್ತೆ ಸುತ್ತತೊಡಗಿದ. ಬಾಲು ಪೆಟ್ಟಿಗೆಯ ಸಮೇತ ಹೊರಟುಹೋದ. ಒಳಗಿನಿಂದ ಚಹಾ ಹಿಡಿದು ಬಂದ ಪದ್ಮ ಬೀದಿಯ ತಿರುವಿನಲ್ಲಿ ಕಾರಿನ ಕೆಂಪು ದೀಪಗಳನ್ನಷ್ಟೇ ಕಂಡಳು. ಎರಡು ಲೋಟಗಳನ್ನೂ ಹಾಗೆಯೇ ಒಳಗೊಯ್ದಳು.

ಬೇಟೆಯಿಲ್ಲದೆ ಶನಿವಾರ ಕಳೆದು, ಭಾನುವಾರ ಮಧ್ಯಾಹ್ನ ದೇವೇಂದ್ರ ಕೋವಿಯನ್ನು ಬಿಚ್ಚಿ ಶುಚಿಮಾಡಲು ಕೂತ. ಚೋಕನ್ನು ಮಸಿ ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ತಿಕ್ಕಿದ. ಕರಿಯ ಮಸಿಯ ಹಿಂದೆಯೇ ಎಣ್ಣೆಯಲ್ಲೊಂದು ಹಳದಿ ಎಳೆ ಇಳಿಯಿತು. ತುಕ್ಕಿರಬಹುದೆಂದು ಇನ್ನಷ್ಟು ತಿಕ್ಕಿದ. ತುಕ್ಕು ಹೀಗೆ ಮೆತ್ತಗಿರುವುದಿಲ್ಲ. ಅದನ್ನು ಬೆರಳಿಗೆ ತೆಗೆದುಕೊಂಡು ಮೂಗಿನ ಬಳಿ ಹಿಡಿದ. ಎಣ್ಣೆಯ ಘಾಟಿನ ಕೆಳಗೆ, ಬಹಳ ಕೆಳಗೆ, ಶ್ರೀಗಂಧದ ವಾಸನೆಯಿತ್ತು.

ಅವನು ಕಿಟಕಿಯ ಬೆಳಕಿಗೆ ಹೋದ. ಉಗುರಿಗೆ ಮೊದಲು ಮೂರು ಗೀಟು ತಾಕಿದವು. ಹಲ್ಲುಕಡ್ಡಿಯ ತುದಿಯಿಂದ ಕೆದಕಿದಾಗ ಕಲ್ಲಿನಂತೆ ಒಣಗಿದ್ದ ಗಂಧದ ಚಕ್ಕೆ ಕಿತ್ತು ಬಂತು, ನಾಲ್ಕನೆಯದು ಕಂಡಿತು. ಇನ್ನೊಂದು ಚಕ್ಕೆ, ಐದನೆಯದು. ದೇವರ ಮುಂದಿಟ್ಟ ಆಯುಧಕ್ಕೆ ಹಚ್ಚಿದ ಗಂಧವನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂಬುದೂ ಅಜ್ಜನ ಮಾತೇ. ಅವನು ಒರೆಸಿರಲಿಲ್ಲ. ಅದು ಉದುರಿರಲಿಲ್ಲ. ಕೊರೆದ ಗೀಟಿನಲ್ಲಿ ಉಕ್ಕಿನ ಮಟ್ಟಕ್ಕೇ ತುಂಬಿ ಗಟ್ಟಿಯಾಗಿ, ಮೇಲೆ ಮಸಿ ಹಿಡಿದು, ಉಕ್ಕೇ ಆಗಿ ಕೂತಿತ್ತು.

ಅವನು ಚೋಕನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಕೋವಿಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬಾಗಿಲ ಬಳಿ ಪದ್ಮ ಕೇಳಿದಳು: "ಎಲ್ಲಿಗ್ರೀ? ಹೊಟ್ಟಿಗೆ ಏನೂ ತಿಂದಿಲ್ಲಲ್ಲಾ?"

"ಬಂದ್ ಹೇಳ್ತೀನಿ."

ಪಕ್ಕದೂರು ಟ್ರಾಯ್‌ನಲ್ಲಿದ್ದ ಬಾಲುವಿನ ಮನೆಯ ಗರಾಜಿನ ಬಾಗಿಲು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದ ದೇವೇಂದ್ರ ಅಲ್ಲಿಯೇ ನಿಂತ. ಉದ್ದದ ಮೇಜಿನ ತುಂಬ ಸೀಳಿದ ತೋಟಾಗಳು ಬಿದ್ದಿದ್ದವು. ಬಟ್ಟಲುಗಳಲ್ಲಿ ಕಾಳು, ಚಿಕ್ಕ ಚಿಕ್ಕ ಕಾಗದಗಳ ಮೇಲೆ ಬೇರೆ ಬೇರೆಯಾಗಿ ಮದ್ದು. ಬಾಲು ಕನ್ನಡಕವನ್ನು ಹಣೆಗೇರಿಸಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಕಾಗದವನ್ನು ಪುಟ್ಟ ತಕ್ಕಡಿಗೆ ಸುರಿಯುತ್ತಿದ್ದ. ತಲೆಯೆತ್ತಲಿಲ್ಲ.

"ಇಲ್ಲೀವರ್ಗೂ ಎಲ್ಲಾ ಸರಿಯಾಗೇ ಇದೆ," ಎಂದ. "ನಿನ್ನ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ನಿದ್ದೇನೇ ಬರ್ಲಿಲ್ಲ. ಬೇಕು ಅಂತಲ್ಲ, ಏನೋ ಮಾತಾಡ್ತಾ ಒಂದ್ರಲ್ಲಿ ಕಮ್ಮಿ ಹಾಕ್ಬಿಟ್ಟಿದ್ರೆ? ನಿನ್ನ ಕೈಗೆ ಏನಾದ್ರೂ ಆಗಿದ್ರೆ?"

ದೇವೇಂದ್ರ ಚೋಕನ್ನು ಅವನ ಅಂಗೈಯಲ್ಲಿಟ್ಟ. "ಎಣಿಸು."

ಬಾಲು ಉಗುರಾಡಿಸಿದ. ಮತ್ತೊಮ್ಮೆ ಆಡಿಸಿದ. ಕನ್ನಡಕ ಇಳಿಸಿಕೊಂಡು ದೀಪಕ್ಕೆ ಹಿಡಿದ. "ಐದಿದೆಯಲ್ಲೋ. ಇದೇನು ಸಂದೀಲಿ ಹಳದಿ?"

"ಗಂಧ. ನಾನ ಹಚ್ಚಿದ್ದು."

ಬಾಲು ಅವನ ಮುಖ ನೋಡಿದ, ಚೋಕ್ ನೋಡಿದ, ಮೇಜಿನ ತುಂಬ ಬಿದ್ದಿದ್ದ ಸೀಳು ತೋಟಾಗಳನ್ನು ನೋಡಿದ. "ಥೂ ನಿನ್ನ! ದೇವ್ರಿಗೆ ಹಚ್ಚೋ ಗಂಧಾನ ಗಾರೆ ಥರ ಮೆತ್ತಿದೀಯಲ್ಲೋ," ಎಂದು ನಗಲು ಹೊರಟವನು ನಡುವೆಯೇ ಚೋಕನ್ನು ಮೇಜಿನ ಮೇಲಿಟ್ಟ. "ಅವತ್ತು ಒಂದು ಮಾತು ಕೇಳ್ದೆ ನಿನ್ನ. ಇಲ್ಲ ಅಂತ ಹೇಳೋಕೆ ಆಗ್ಲಿಲ್ವಲ್ಲೋ ನಿಂಗೆ."

"ಆಗ್ಲಿಲ್ಲ," ಎಂದ ದೇವೇಂದ್ರ. "ಇಲ್ಲ ಅಂದಿದ್ರ ತಪ್ಪು ನಂದ ಆಗ್ತಿತ್ತು."

ಜೇಬಿನಿಂದ ಕೋವಿಯ ಬೀರುವಿನ ಬೀಗದ ಕೈ ತೆಗೆದು, ಇಡಲು ಬೇರೆ ಜಾಗ ಕಾಣದೆ, ಕಾಳು ತುಂಬಿದ ಬಟ್ಟಲಿನ ಮೇಲೆ ಇಟ್ಟ. "ಒಂದ್ ವರ್ಷ. ನಿನ್ನ ಹತ್ರ ಇರ್ಲಿ."

ಒಳಬಾಗಿಲು ತೆರೆದು ಬಾಲುವಿನ ಹೆಂಡತಿ ವಸುಧಾ ತಟ್ಟೆ ಹಿಡಿದು ಬಂದಳು. ಉಪ್ಪಿಟ್ಟಿನಿಂದ ಹಬೆಯೇಳುತ್ತಿತ್ತು. ದೇವೇಂದ್ರನನ್ನು ಕಂಡು ತಡೆದಳು. "ಅಯ್ಯೋ, ನೀವು ಬಿಸಿದು ತಿನ್ನಲ್ವಂತೆ ಅಲ್ವಾ?"

"ಕೊಡಮ್ಮಾ," ಎಂದು ದೇವೇಂದ್ರ ಎರಡೂ ಕೈ ಚಾಚಿದ.

ಬಾಲು ಕಾಲಿನಿಂದ ಒಂದು ಸ್ಟೂಲನ್ನು ಅವನತ್ತ ನೂಕಿ, ಮುಂದಿನ ಕಾಗದವನ್ನು ತಕ್ಕಡಿಗೆ ಸುರಿದ. ಬೀಗದ ಕೈಯನ್ನು ಅವನು ಎತ್ತಿಕೊಳ್ಳಲಿಲ್ಲ, ಹಿಂದಕ್ಕೂ ತಳ್ಳಲಿಲ್ಲ. ಅದು ಆ ಭಾರದ ಕಾಳುಗಳ ಮೇಲೆ, ಒಂದಿಷ್ಟೂ ಇಳಿಯದೆ, ಹಾಗೆಯೇ ಮಲಗಿತ್ತು. ದೇವೇಂದ್ರ ಮೊದಲ ತುತ್ತನ್ನು ಬಾಯಿಗಿಟ್ಟ. ನಾಲಿಗೆ ಸುಟ್ಟಿತು, ಉಗುಳಲಿಲ್ಲ.

ಇದನ್ನು ಕೇಳಿದ ಎಲ್ಲರ ಮನೆಯ ಒಲೆಯೂ ಬೆಚ್ಚಗಿರಲಿ. ರೆಕ್ಕೆಯಿರುವವಕ್ಕೆ ಜೊಂಡಿನ ಮರೆಯೂ, ಕೈಯಿರುವವರಿಗೆ ಗೆಳೆಯರ ಕೈಯೂ ದೊರೆಯಲಿ. ಮುಕ್ಕಣ್ಣನು ಎಲ್ಲರನ್ನೂ ಕಾಯಲಿ.