ಕ್ಯಾಪ್ಟನ್ ಟ್ರಾಂಟರ್ ಎಣಿಸಿದ ಓಟು

ಮರ್ವಿನ್ ಟ್ರಾಂಟರನ ಮೂಗು ಎಡಕ್ಕೆ ಸೊಟ್ಟಗಿತ್ತಲ್ಲ, ಅದು ತುರ್ಕರಿಂದ ಆದದ್ದೂ ಅಲ್ಲ, ಜರ್ಮನರಿಂದ ಆದದ್ದೂ ಅಲ್ಲ. ನನ್ನ ಬಲಗೈಯಿಂದ ಆದದ್ದು. ಅವನ ಶೌರ್ಯದ ಬಗ್ಗೆ ವರ್ಷಕ್ಕೊಮ್ಮೆ ಊರಲ್ಲಿ ಭಾಷಣ ಬಿಗಿಯುವವರಿಗೆ ಈ ವಿಷಯ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ, ಅವರು ಮಾಡಿಸಿದ ಕಂಚಿನ ಫಲಕದಲ್ಲಿ ಮೂಗು ನೆಟ್ಟಗಿದೆ.

ಯುದ್ಧಕ್ಕೆ ಮುಂಚೆ ನಾನು, ಆರ್ಚೀ ಕ್ವಿಲ್ಟಿ, ಡಾರ್ಲಿಂಗ್ ನದಿಯ ಆಚೆಗಿನ ವಿಲ್ಗಾರಾ ಎಸ್ಟೇಟಿನಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದೆ. ಕತ್ತರಿಸುವವರ ಮುಖಂಡನೂ ನಾನೇ. ಟ್ರಾಂಟರ್ ಅಲ್ಲಿ ಧಣಿಯ ಪರವಾಗಿ ನಮ್ಮ ಕೊಟ್ಟಿಗೆ ನೋಡಿಕೊಳ್ಳುವ ಮೇಲ್ವಿಚಾರಕ. ಎಳೆಯ ವಯಸ್ಸು, ಕುರಿಯ ಹಿಕ್ಕೆಯ ನಡುವೆಯೂ ಬೂಟು ಹೊಳೆಯಬೇಕು ಎನ್ನುವ ಗಿರಾಕಿ.

ಮಳೆ ಬಂದು ಕುರಿ ನೆನೆದರೆ ನಾವು ಕತ್ತರಿ ಕೆಳಗಿಡುತ್ತೇವೆ. ಒದ್ದೆ ಉಣ್ಣೆ ತಾಗಿ ತಾಗಿ ತೋಳಿನ ತುಂಬ ಕುರು ಏಳುತ್ತದೆ, ಎದೆಗೆ ಜ್ವರ ಇಳಿಯುತ್ತದೆ. ಆದರೆ ಕುರಿ ಒದ್ದೆಯೋ ಒಣವೋ ಎಂದು ಧಣಿಯೂ ತೀರ್ಮಾನಿಸುವ ಹಾಗಿಲ್ಲ, ಯಾವನೋ ಒಬ್ಬ ಮೈಗಳ್ಳನೂ ತೀರ್ಮಾನಿಸುವ ಹಾಗಿಲ್ಲ. ಓಟು ಹಾಕಬೇಕು. ವಿಲ್ಗಾರಾದಲ್ಲಿ ಅದಕ್ಕೆ ಬೆಂಕಿಕಡ್ಡಿ ಬಳಸುತ್ತಿದ್ದೆವು. ಮುಷ್ಟಿ ಮುಚ್ಚಿಕೊಂಡು ಬಂದು ಒಬ್ಬೊಬ್ಬನೂ ಟೋಪಿಯೊಳಗೆ ಒಂದು ಕಡ್ಡಿ ಹಾಕುವುದು. ಸುಟ್ಟ ಕಡ್ಡಿ ಎಂದರೆ ಒದ್ದೆ, ಸುಡದ ಕಡ್ಡಿ ಎಂದರೆ ಒಣ. ಮೇಲ್ವಿಚಾರಕನೂ ಮುಖಂಡನೂ ಒಟ್ಟಿಗೆ ಕೂತು ಎಣಿಸುವುದು. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

ಯುದ್ಧದ ಹಿಂದಿನ ವರ್ಷ ಅಂಥದೊಂದು ಓಟಾಯಿತು. ಟೋಪಿಯ ತುಂಬ ಸುಟ್ಟ ಕಡ್ಡಿಗಳೇ. ಟ್ರಾಂಟರ್ ಎದ್ದು ಹೋಗಿ ಒಂದು ಕುರಿಯ ಬೆನ್ನಿನ ಉಣ್ಣೆ ಬಿಡಿಸಿ ಬುಡದವರೆಗೆ ಬೆರಳು ಇಳಿಸಿದ. ತಲೆ ಎತ್ತದೆ, "ಒಣ" ಎಂದ.

"ಟೋಪೀಲಿ ಏನಿದೆ ಅಂತ ಕಾಣ್ತಿಲ್ವಾ ಯಜಮಾನ್ರೇ?" ಎಂದೆ.

"ಟೋಪಿ ನಿಂದು ಕ್ವಿಲ್ಟಿ. ಕುರಿ ನಮ್ದು."

"ಕುರಿ ನಿಮ್ದೆಲ್ಲಿ ಬಂತು? ಧಣಿದು. ಆ ಲೆಕ್ಕದಲ್ಲಿ ನೀವೂ ಅವನ ಮಂದೇಲೇ ಇದ್ದೀರ."

ಅವನು ಬರ್ಕ್ ಪಟ್ಟಣದಿಂದ ಪೊಲೀಸರ ಕಾವಲಿನಲ್ಲಿ ಬೇರೆ ಕೂಲಿಗಳನ್ನು ಕರೆಸಿದ. ಅವರು ಬಾಗಿಲು ದಾಟುತ್ತಿದ್ದ ಹಾಗೆ ನಾನು ಅವನ ಮುಖಕ್ಕೆ ಗುದ್ದಿದೆ. ಮೂಳೆ ಮುರಿದ ಸದ್ದು ಕುರಿಗಳ ಅರಚಾಟದಲ್ಲೂ ಕೇಳಿಸಿತು. ಬಿದ್ದವನನ್ನು ಬೂಟಿನಿಂದ ಇನ್ನೆರಡು ಸಲ ಒದ್ದೆ. ನಾನು ಜೈಲಿಗೆ ಹೋದೆ, ಕುರಿಗಳು ಒದ್ದೆಯಲ್ಲೇ ಬೋಳಾದವು.

ಯುದ್ಧ ಬಂದಾಗ ವಿಲ್ಗಾರಾದ ಹುಡುಗರೆಲ್ಲ ಒಟ್ಟಿಗೆ ಸೈನ್ಯ ಸೇರಿದೆವು. ಕೊಟ್ಟಿಗೆಯಲ್ಲಿ ನನ್ನ ಪಕ್ಕದ ಜಾಗದಲ್ಲಿ ದುಡಿಯುತ್ತಿದ್ದ ಬ್ಲೂಯಿ ಹ್ಯಾನ್ಲನ್ನೂ ಬಂದ. ತಲೆಗೂದಲು ಬೆಂಕಿಯಷ್ಟು ಕೆಂಪಿದ್ದವನಿಗೆ ನೀಲಿ ಎಂದು ಅಡ್ಡಹೆಸರಿಡುವ ಜನ ನಾವು. ತರಬೇತಿ ಶಿಬಿರದಲ್ಲಿ ಸಾಲಾಗಿ ನಿಂತಾಗ ಎದುರಿಗೆ ಬಂದ ಲೆಫ್ಟಿನೆಂಟನ ಮೂಗು ಸೊಟ್ಟಗಿತ್ತು.

"ಹಾಳಾಗೋಗ್ಲಿ, ಇಲ್ಲೂ ಇವನ ಕೊಟ್ಟಿಗೇನಾ?" ಎಂದ ಬ್ಲೂಯಿ, ಎಲ್ಲರಿಗೂ ಕೇಳುವಂತೆ.

ಟ್ರಾಂಟರ್ ನನ್ನ ಮುಂದೆ ನಿಂತ. "ಕ್ವಿಲ್ಟಿ, ಇಲ್ಲಿ ಓಟುಗೀಟು ಇಲ್ಲ."

"ಗೊತ್ತು ಯಜಮಾನ್ರೇ. ಮೂಗು ಹೇಗಿದೆ?"

ಇಡೀ ಸಾಲು ನಕ್ಕಿತು. ಶಿಕ್ಷೆ ಕೊಡುತ್ತಾನೆಂದು ಕಾದೆ. ಕೊಡಲಿಲ್ಲ. ಅದರಿಂದ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಗಲಿಪೊಲಿಯಲ್ಲಿ ಆಗಸ್ಟ್ ತಿಂಗಳ ಒಂದು ಸಂಜೆ ತುರ್ಕರ ಕಂದಕಗಳ ಮೇಲೆ ನುಗ್ಗಿದೆವು. ಓಡಿಹೋಗಿ ನೋಡಿದರೆ ಕಂದಕಕ್ಕೆ ದಿಮ್ಮಿಗಳ ಮಾಡು. ಸಂದಿಗಳಿಂದ ಬಂದೂಕಿನ ನಳಿಗೆಗಳು ನಮ್ಮ ಹೊಟ್ಟೆಗೇ ಗುರಿ ಇಟ್ಟಿದ್ದವು. ನಾವು ಮಾಡಿನ ಮೇಲೆ ನಿಂತು ಪೆದ್ದುಪೆದ್ದಾಗಿ ಸಾಯುತ್ತಿದ್ದಾಗ ಟ್ರಾಂಟರ್ ಒಂದು ದಿಮ್ಮಿಯನ್ನು ಬರಿಗೈಯಲ್ಲಿ ಕಿತ್ತು ಆ ಕತ್ತಲೆಗೆ ಧುಮುಕಿದ. ಅವನ ಹಿಂದೆ ನಾನು. ಒಳಗೆ ಬಂದೂಕು ತಿರುಗಿಸಲೂ ಜಾಗವಿರಲಿಲ್ಲ. ಹಲ್ಲು, ಮೊಣಕೈ, ಬಯೊನೆಟ್ಟು, ಏನು ಸಿಕ್ಕಿತೋ ಅದು. ಒಬ್ಬ ತುರ್ಕ ನನ್ನ ಎದೆಯ ಮೇಲೆ ಕೂತು ಕತ್ತು ಹಿಸುಕುತ್ತಿದ್ದ. ಅವನ ಬೆವರು ನನ್ನ ಬಾಯೊಳಗೆ ತೊಟ್ಟಿಕ್ಕುತ್ತಿತ್ತು. ಇದ್ದಕ್ಕಿದ್ದಂತೆ ಅವನ ತಲೆ ಒಂದು ಕಡೆ ಜಾರಿತು. ಟ್ರಾಂಟರ್ ಮಣ್ಣು ಅಗೆಯುವ ಸಲಿಕೆಯಿಂದ ಅವನ ಕತ್ತಿಗೆ ಹೊಡೆದಿದ್ದ. ಒಂದು ಏಟಿಗೆ ಮುಗಿಯಲಿಲ್ಲ, ಮತ್ತೆ ಹೊಡೆದ, ಮತ್ತೆ ಹೊಡೆದ. ಆಮೇಲೆ ಗೋಡೆಗೆ ಒರಗಿ ವಾಂತಿ ಮಾಡಿದ.

"ಮೂಗಿನ ಲೆಕ್ಕ ಇನ್ನೂ ತೀರಿಲ್ಲ ಕ್ವಿಲ್ಟಿ," ಎಂದ, ಬಾಯಿ ಒರೆಸಿಕೊಳ್ಳುತ್ತ. "ಅದಕ್ಕೇ ಉಳಿಸ್ಕೊಂಡೆ."

ಮೂರು ದಿನ ಆ ಬಿಲಗಳಲ್ಲಿ ಸತ್ತವರ ಮೇಲೆ ಕೂತು, ಸತ್ತವರ ಮೇಲೆ ನಡೆದು ಹೊಡೆದಾಡಿದೆವು. ಅಲ್ಲಿಂದ ಹೊರಗೆ ಬಂದಾಗ ಅವನನ್ನು ದ್ವೇಷಿಸುವುದು ನನಗೆ ಸ್ವಲ್ಪ ಕಷ್ಟವಾಗತೊಡಗಿತ್ತು.

ಮರುವರ್ಷ ಫ್ರಾನ್ಸಿನ ಪೋಜಿಯೇರ್. ಅಲ್ಲಿ ಕೈ ಮಿಲಾಯಿಸಲು ಎದುರಾಳಿಯೇ ಇರಲಿಲ್ಲ. ಹಗಲೂ ರಾತ್ರಿ ಫಿರಂಗಿ ನಮ್ಮನ್ನು ಹೂಳುತ್ತಿತ್ತು, ಅಗೆದು ಮೇಲೆ ತರುತ್ತಿತ್ತು, ಮತ್ತೆ ಹೂಳುತ್ತಿತ್ತು. ಕಂದಕದ ಒಂದು ತುಂಡು ಕುಸಿದಾಗ ಟ್ರಾಂಟರ್ ಸಲಿಕೆ ಎಸೆದು ಉಗುರಿನಿಂದ ಕೆದರತೊಡಗಿದ. ಸಲಿಕೆ ಬಳಸಿದರೆ ಒಳಗಿರುವವರ ಮುಖ ಸೀಳೀತು ಎಂದು. ಬ್ಲೂಯಿಯನ್ನು ಕೆಂಪು ಕೂದಲು ಹಿಡಿದು ಎಳೆದು ತೆಗೆದ. ಬ್ಲೂಯಿಯ ಪಕ್ಕದಲ್ಲಿದ್ದವನ ಕೈ ಹಿಡಿದು ಎಳೆದರೆ ಕೈ ಮಾತ್ರ ಬಂತು.

ಅಲ್ಲಿಂದ ಹೊರಬಿದ್ದಾಗ ನಮ್ಮ ತುಕಡಿಯಲ್ಲಿ ಅರ್ಧ ಜನವೂ ಇರಲಿಲ್ಲ. ಮೇಲಿದ್ದ ಅಧಿಕಾರಿಗಳೆಲ್ಲ ಸತ್ತದ್ದರಿಂದ ಟ್ರಾಂಟರ್ ಕ್ಯಾಪ್ಟನ್ ಆದ, ನಾನು ಸಾರ್ಜೆಂಟ್ ಆದೆ. ರಸ್ತೆ ಬದಿಯಲ್ಲಿ ಕೂತು ಡಬ್ಬಿ ಮಾಂಸ ತಿನ್ನುತ್ತಿದ್ದೆವು. ಅವನ ಉಗುರುಗಳು ಕಪ್ಪಾಗಿ ಕಿತ್ತುಹೋಗಿದ್ದವು.

"ಅವತ್ತು ಕುರಿ ಒದ್ದೆನೇ ಇದ್ವು," ಎಂದ, ಯಾರೂ ಕೇಳದೆ. "ಬೆರಳು ಇಳಿಸಿದಾಗ ನೀರೇ ಬಂತು. ಒಣ ಅನ್ನು ಅಂತ ಹೇಳಿದ್ರು, ಅಂದೆ."

"ಅದು ನಮಗೆ ಗೊತ್ತಿತ್ತಲ್ಲ ಯಜಮಾನ್ರೇ."

"ನಿಮಗೆ ಗೊತ್ತಿತ್ತು ಅನ್ನೋದು ನಂಗೂ ಗೊತ್ತಿತ್ತು. ಇವತ್ತೂ ಮೇಲಿನವರು ಹೇಳಿದ್ದನ್ನೇ ಹೇಳಿದೆ, ಅರ್ಧ ತುಕಡಿ ಹೋಯ್ತು. ಇನ್ನೊಂದ್ಸಲ ಆಗಲ್ಲ ನನ್ನ ಕೈಲಿ."

ಆ ಇನ್ನೊಂದು ಸಲ ಬಂದದ್ದು ಮುಂದಿನ ಏಪ್ರಿಲ್‌ನಲ್ಲಿ. ನಮ್ಮೆದುರಿಗೆ ಜರ್ಮನರ ಮುಳ್ಳುತಂತಿಯ ಬೇಲಿ ಇತ್ತು. ಬೇಲಿ ಎನ್ನುವುದಕ್ಕಿಂತ ತುಕ್ಕು ಹಿಡಿದ ಪೊದೆಗಾಡು. ಅದರಾಚೆ ಮೆಷಿನ್ ಗನ್ನುಗಳು. ಫಿರಂಗಿಗಳು ತಂತಿಯನ್ನು ಕತ್ತರಿಸುತ್ತವೆ, ಬೆಳಗಾಗುವಾಗ ನೀವು ದಾಟಿ ಹೋಗಿ ಎಂಬುದು ಅಪ್ಪಣೆ. ಹಿಂದಿನ ಮಧ್ಯಾಹ್ನ ಹಿಮ ದಟ್ಟವಾಗಿ ಸುರಿಯುತ್ತಿದ್ದಾಗ, ಅದರ ಮರೆಯಲ್ಲಿ ನಾನೂ ಟ್ರಾಂಟರನೂ ತೆವಳಿಕೊಂಡು ತಂತಿಯವರೆಗೆ ಹೋದೆವು. ಒಂದು ಎಳೆಯೂ ತುಂಡಾಗಿರಲಿಲ್ಲ. ಹಿಂದೆ ಯಾವಾಗಲೋ ಹೋಗಿ ಸಿಕ್ಕಿಕೊಂಡು ಸತ್ತಿದ್ದ ಒಬ್ಬ ನಮ್ಮವನು ಅಲ್ಲೇ ನಿಂತಂತೆ ಇದ್ದ, ಟೋಪಿಯ ಮೇಲೆ ಹಿಮ ಕೂತಿತ್ತು. ಟ್ರಾಂಟರ್ ಅಂಗೈಯಿಂದ ತಂತಿಯನ್ನು ಬಲವಾಗಿ ಅದುಮಿದ. ಅದು ಬಗ್ಗಲೂ ಇಲ್ಲ. ಅಂಗೈಯಲ್ಲಿ ರಕ್ತ ಬಂತು.

ಹಿಂದಿರುಗಿ ಕರ್ನಲನಿಗೆ ಫೋನ್ ಮಾಡಿದ. ಆಚೆಯಿಂದ ಬಂದ ಮಾತು ನನಗೂ ಕೇಳಿಸುತ್ತಿತ್ತು.

"ತಂತಿ ಕತ್ತರಿಸಿ ಆಗಿದೆ ಟ್ರಾಂಟರ್. ವಿಮಾನದಿಂದ ತೆಗೆದ ಫೋಟೋ ನನ್ನ ಮೇಜಿನ ಮೇಲಿದೆ."

"ನನ್ನ ಕೈಲಿ ರಕ್ತ ಸೋರ್ತಿದೆ ಸರ್."

"ಹಾಗಾದ್ರೆ ಪಟ್ಟಿ ಕಟ್ಕೋ."

ಟ್ರಾಂಟರ್ ಫೋನು ಇಟ್ಟು ಅಂಗೈಯ ರಕ್ತವನ್ನು ಕೋಟಿಗೆ ಒರೆಸಿಕೊಂಡ. ಆಮೇಲೆ ಕಂದಕದ ಮಧ್ಯಕ್ಕೆ ಬಂದು, ತಲೆಯ ಕಬ್ಬಿಣದ ಟೋಪಿ ತೆಗೆದು, ಬುಡಮೇಲಾಗಿ ಮಣ್ಣಿನ ಮೇಲಿಟ್ಟ. ತಂತಿ ಹೇಗಿದೆ ಎಂದು ನಾವು ಕಂಡದ್ದನ್ನು ಒಂದೂ ಬಿಡದೆ ಹುಡುಗರಿಗೆ ಹೇಳಿದ.

"ಒದ್ದೆನೋ ಒಣನೋ ನೀವೇ ಹೇಳಿ," ಎಂದ. "ಒದ್ದೆ ಅಂತ ಬಂದ್ರೆ ತುಕಡಿ ಹೋಗಲ್ಲ ಅಂತ ನಾನು ಮೇಲಕ್ಕೆ ಹೇಳ್ತೀನಿ. ಆಮೇಲಿಂದು ನನ್ನ ತಲೆನೋವು."

ಕುರಿಯ ಮುಖವನ್ನೇ ನೋಡದಿದ್ದ ಹೊಸ ಹುಡುಗರಿಗೆ ಬ್ಲೂಯಿ ಕಡ್ಡಿಯ ವಿಷಯ ಬಿಡಿಸಿ ಹೇಳಿದ. ಆ ತಲೆನೋವು ಎಂಥದೆಂದು ಮಾತ್ರ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪಣೆ ಮೀರಿದವರಿಗೆ ನಮ್ಮ ಸೈನ್ಯದಲ್ಲಿ ಗುಂಡಿಕ್ಕುತ್ತಿರಲಿಲ್ಲ. ಭುಜದ ಪಟ್ಟಿ ಕಿತ್ತು, ಜೈಲಿಗೆ ಹಾಕಿ, ಹೇಡಿ ಎಂದು ಮುದ್ರೆಯೊತ್ತಿ ಊರಿಗೆ ಕಳಿಸುತ್ತಿದ್ದರು. ಟ್ರಾಂಟರನಿಗೆ ಊರಲ್ಲಿ ಪಾದ್ರಿಯಾಗಿದ್ದ ಅಪ್ಪನಿದ್ದ, ಮಾತು ಕೊಟ್ಟಿದ್ದ ಹುಡುಗಿಯಿದ್ದಳು.

ಒಬ್ಬೊಬ್ಬರೇ ಬಂದು ಮುಷ್ಟಿ ಬಿಚ್ಚಿ ಹೋದರು. ನಾನೂ ಹಾಕಿದೆ. ಕೊನೆಗೆ ಟ್ರಾಂಟರನೂ ಹಾಕಿದ. ಎಣಿಸಲು ನಾವಿಬ್ಬರೂ ಟೋಪಿಯ ಮೇಲೆ ಬಗ್ಗಿದೆವು.

ಎರಡು ಕಡ್ಡಿ ಸುಟ್ಟಿದ್ದವು. ಒಂದು ನನ್ನದು, ಎಲ್ಲದರ ಮೇಲೆ ಬಿದ್ದಿದ್ದ ಇನ್ನೊಂದು ಅವನದು. ಉಳಿದವೆಲ್ಲ ಒಣ. ಪಕ್ಕದವನು ತನ್ನನ್ನು ಅಂಜುಬುರುಕ ಅಂದುಕೊಂಡಾನೆಂದು ಒಬ್ಬೊಬ್ಬನೂ ಸುಡದ ಕಡ್ಡಿ ಹಾಕಿದ್ದ, ಮುಚ್ಚಿದ ಮುಷ್ಟಿಯೊಳಗೂ. ಈ ದಡ್ಡ ಮುಂಡೇವುಗಳ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎಲ್ಲರ ಕಪಾಳಕ್ಕೂ ಬಾರಿಸಬೇಕೆನಿಸಿತು.

ಟ್ರಾಂಟರ್ ನನ್ನ ಮುಖ ನೋಡಿದ. ಟೋಪಿಯಲ್ಲಿದ್ದ ಕಡ್ಡಿಗಳನ್ನು ಕೆಸರಿಗೆ ಸುರಿದು, ಬೂಟಿನಿಂದ ತುಳಿದು, "ಒದ್ದೆ" ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು.

"ಒದ್ದೆ," ಎಂದೆ ನಾನೂ.

ಅವನು ಮತ್ತೆ ಫೋನಿಗೆ ಹೋದ. ಬರುವಾಗ, ಅಧಿಕಾರ ಕಳೆದುಕೊಂಡವನ ಹಾಗೆ, ಸೊಂಟದ ಪಟ್ಟಿಯನ್ನೂ ಪಿಸ್ತೂಲನ್ನೂ ಕಳಚಿ ಕೈಯಲ್ಲಿ ಹಿಡಿದಿದ್ದ. ನಾಳೆ ದಾಳಿ ಮುಗಿದ ಮೇಲೆ ಅವನನ್ನು ಬಂಧಿಸುತ್ತಾರಂತೆ. ದಾಳಿ ನಿಲ್ಲುವುದಿಲ್ಲವಂತೆ. ಬಲಗಡೆಯ ತುಕಡಿಯೊಂದೇ ಹೋಗುತ್ತದಂತೆ, ನಾವು ಕೂತು ನೋಡಬೇಕಂತೆ. ಆ ಬಲಗಡೆಯ ತುಕಡಿಯಲ್ಲಿ ಬ್ಲೂಯಿಯ ತಮ್ಮ ಟೆಡ್ ಇದ್ದ.

ಕಂದಕದಲ್ಲಿ ಒಬ್ಬರ ಮುಖ ಒಬ್ಬರು ಓರೆಯಾಗಿ ನೋಡತೊಡಗಿದರು.

"ಯಾವನೋ ಅವನು ಸುಟ್ಟ ಕಡ್ಡಿ ಹಾಕಿದ್ದು?" ಎಂದ ಬ್ಲೂಯಿ. "ನಾನಂತೂ ಹಾಕ್ಲಿಲ್ಲ."

"ನಾನೂ ಹಾಕಿಲ್ಲ," ಎಂದ ಇನ್ನೊಬ್ಬ.

"ಹಾಗಾದ್ರೆ ನಿಮ್ಮಪ್ಪ ಬಂದು ಹಾಕಿದ್ನಾ?"

ಹೊಡೆದಾಟವೇ ಆಯಿತು. ಬ್ಲೂಯಿ ಒಬ್ಬನ ಹಲ್ಲು ಉದುರಿಸಿದ, ಅವನು ಬ್ಲೂಯಿಯ ಕಿವಿ ಕಚ್ಚಿದ. ಬಿಡಿಸಲು ಹೋದ ನನಗೂ ಬಿತ್ತು. ಟ್ರಾಂಟರ್ ದೂರದಲ್ಲಿ ಕೂತು ನೋಡುತ್ತಿದ್ದ.

ಬೆಳಕು ಹರಿಯುವಾಗ ಬಲಗಡೆಯವರು ಎದ್ದು ನಡೆದರು. ಹಿಮದ ಮೇಲೆ ಒಬ್ಬೊಬ್ಬರೂ ಸ್ಪಷ್ಟವಾಗಿ ಕಾಣುತ್ತಿದ್ದರು. ತಂತಿ ತಲುಪುವವರೆಗೆ ಜರ್ಮನರು ಸುಮ್ಮನಿದ್ದರು. ಆಮೇಲೆ ಮೆಷಿನ್ ಗನ್ನುಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿದವು. ಮೊದಲ ಸಾಲು ತಂತಿಗೆ ಜೋತುಬಿತ್ತು. ಎರಡನೆಯ ಸಾಲು ಅವರ ಬೆನ್ನ ಮೇಲೆ ಹತ್ತಲು ಹೋಗಿ ಅಲ್ಲೇ ಒರಗಿತು. ಕೆಂಪು ತಲೆಯವನೊಬ್ಬ ಟೋಪಿ ಬಿದ್ದುಹೋಗಿ ಎರಡೂ ಕೈ ತಂತಿಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಆ ದೂರದಿಂದಲೂ ಅವನ ಕೂಗು ಕೇಳಿಸುತ್ತಿತ್ತು.

ಬ್ಲೂಯಿ ಕಂದಕದ ಅಂಚಿಗೆ ಕಾಲಿಟ್ಟು ಹತ್ತಿದ. ಟ್ರಾಂಟರ್ ಓಡಿಬಂದು ಅವನ ಕಾಲು ಹಿಡಿದ.

"ಇಳಿಯೋ. ಅಪ್ಪಣೆ ಇದು, ಇಳಿ."

ಬ್ಲೂಯಿ ಅವನ ಮುಖಕ್ಕೇ ಒದ್ದ. ಸೊಟ್ಟ ಮೂಗಿನಿಂದ ರಕ್ತ ಸುರಿಯಿತು. ಅಷ್ಟರಲ್ಲಿ ಬ್ಲೂಯಿಯ ಎಡಕ್ಕೆ ಒಬ್ಬ, ಬಲಕ್ಕೆ ಇಬ್ಬರು, ಆಮೇಲೆ ಇಡೀ ತುಕಡಿ ಮೇಲೆದ್ದಿತ್ತು. ನಿನ್ನೆ ಕಚ್ಚಾಡಿದವರೇ ಹೆಗಲಿಗೆ ಹೆಗಲು ತಾಗಿಸಿ ಓಡುತ್ತಿದ್ದರು. ಟ್ರಾಂಟರ್ ಒಂದು ಗಳಿಗೆ ಖಾಲಿ ಕಂದಕದಲ್ಲಿ ನಿಂತ. "ಅಯ್ಯೋ ಮೂರ್ಖರಾ," ಎಂದ. ನನ್ನ ಕೈಯಿಂದ ತಂತಿ ಕತ್ತರಿಸುವ ಇಕ್ಕಳ ಕಿತ್ತುಕೊಂಡು ಹತ್ತಿದ.

ಅವನು ಎಲ್ಲರನ್ನೂ ಹಿಂದೆ ಹಾಕಿ ಓಡಿದ. ಅವನ ಹಿಂದೆ ಓಡುತ್ತಿದ್ದ ನನ್ನ ಎಡಬಲದಲ್ಲಿ ಹುಡುಗರು ಉರುಳುತ್ತಿದ್ದರು. ಒಬ್ಬನ ದವಡೆ ಹಾರಿಹೋಗಿಯೂ ನಾಲ್ಕು ಹೆಜ್ಜೆ ನಡೆದ. ಟ್ರಾಂಟರ್ ತಂತಿಯ ಬುಡದಲ್ಲಿ ಮಲಗಿ ಕತ್ತರಿಸತೊಡಗಿದ. ಒಂದು ಎಳೆ, ಇನ್ನೊಂದು ಎಳೆ. ಗುಂಡು ಹೊಟ್ಟೆಗೆ ಬಿತ್ತು. ಮಗ್ಗುಲಾಗಿ ಮತ್ತೆ ಕತ್ತರಿಸಿದ. ಬ್ಲೂಯಿ ಆ ಕಿಂಡಿಯಲ್ಲಿ ತೂರಿ ಟೆಡ್‌ನ ಹತ್ತಿರ ಹೋದ. ಅಲ್ಲಿ ಹೋಗುವ ಹೊತ್ತಿಗೆ ಟೆಡ್ ಕೂಗುವುದನ್ನು ನಿಲ್ಲಿಸಿದ್ದ. ಬ್ಲೂಯಿ ತಮ್ಮನ ಕೈ ಬಿಡಿಸುತ್ತಿದ್ದಾಗ ಅವನದೇ ಎಡಗೈ ಮಣಿಕಟ್ಟಿನ ಹತ್ತಿರ ಚೂರಾಯಿತು.

ನಾನು ಟ್ರಾಂಟರನನ್ನು ಕೊರಳಪಟ್ಟಿ ಹಿಡಿದು ಒಂದು ಗುಂಡಿಗೆ ಎಳೆದೆ. ಅವನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಬಿಸಿ ರಕ್ತ ಬೆರಳ ಸಂದಿಯಲ್ಲಿ ಉಕ್ಕುತ್ತಲೇ ಇತ್ತು.

"ಒದ್ದೆ ಅಂದಿದ್ನಲ್ಲೋ, ಆರ್ಚೀ," ಎಂದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಆ ಹೆಸರಿನಿಂದ ಕರೆದದ್ದು.

"ಅಂದಿದ್ದೆ ಮರ್ವಿನ್. ನೀನು ಹೇಳಿದ್ದೇ ಸರಿ."

ಅವನಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಳಿದವರು ಹಿಂದೆ ಬಂದೆವು. ಗಾಯಾಳುಗಳ ನೆಲಮಾಳಿಗೆಯಲ್ಲಿ ಬ್ಲೂಯಿ ಗೋಡೆಗೆ ಒರಗಿದ್ದ, ಎಡಗೈಯ ಜಾಗದಲ್ಲಿ ಬಟ್ಟೆಯ ಉಂಡೆ. ನಾನು ರಮ್ ಬೆರೆಸಿದ ಚಹಾ ಕುಡಿಸಿದೆ.

"ಸುಟ್ಟ ಕಡ್ಡಿ ಹಾಕಿದೋರೂ ಬಂದ್ರಲ್ಲ ಆರ್ಚೀ," ಎಂದ. "ಅದೊಂದು ಸಮಾಧಾನ. ಯಾರು ಅಂತ ಇನ್ನು ಕೇಳಲ್ಲ ನಾನು."

"ಕೇಳಬೇಕಾಗೂ ಇಲ್ಲ. ಸುಟ್ಟ ಕಡ್ಡಿ ಎರಡೇ ಇದ್ವು. ನಂದು, ಟ್ರಾಂಟರಂದು. ನೀವೆಲ್ಲ ಒಣ ಅಂತಲೇ ಹಾಕಿದ್ರಿ. ಅವನು ಸುಳ್ಳು ಹೇಳ್ದ."

ಬ್ಲೂಯಿಯ ಭುಜ ಅಲುಗತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಎರಡೂ ಇತ್ತು ಎಂದು ಕಾಣುತ್ತದೆ.

"ಎರಡು ಸಲ ನಮ್ಮ ಓಟು ಕದ್ದ, ಆ ಸೊಟ್ಟಮೂಗಿನ ಸೂಳೆಮಗ," ಎಂದ. "ಎರಡನೇದು ದಕ್ಕೋಕೆ ನಾವೇ ಬಿಡ್ಲಿಲ್ಲ."