ಬಿಸಿಯೇರಿದರೆ ಮಲಗುವ ಮುಳ್ಳು

ಮರಳು ಸೀಮೆಯ ಶೌಬಕದ ಏರುದಾರಿಯಲ್ಲಿ ಔದೆ ಎಂಬ ಮುದಿ ಕುರುಬ ಕಾರಿನಡಿ ಸಿಕ್ಕಿ ಸತ್ತ. ಓಡಿಸುತ್ತಿದ್ದವನು ಮುಫ್ಲೆಹನ ಮಗ ತಿರಾದ್. ಕಂಡವರು ಯಾರೂ ಇರಲಿಲ್ಲ.

"ಅರವತ್ತರ ಸ್ಪೀಡಲ್ಲಿದ್ದೆ ಅಪ್ಪಾ. ಮೀಟರಿನ ಮುಳ್ಳು ನೋಡ್ಕೊಂಡೇ ಬರ್ತಿದ್ದೆ. ಮುದುಕ ಕುರಿ ಹಿಂದೆ ಓಡಿ ಅಡ್ಡ ಬಂದ."

ಸಾಕ್ಷಿ ಇಲ್ಲದ ಕಡೆ ಆ ಸೀಮೆಯಲ್ಲಿ ಮಾಡಿದವನ ಮಾತು ನಡೆಯುವುದಿಲ್ಲ. ಅವನ ಪರವಾಗಿ ಹೆತ್ತವನು ಆಣೆಯಿಡಬೇಕು. ಇಟ್ಟರೆ ಮಗ ಉಳಿದ. ಇಡದಿದ್ದರೆ ತಪ್ಪು ಒಪ್ಪಿದಂತೆ, ಮನೆಮಂದಿಯೆಲ್ಲ ಊರು ಬಿಡಬೇಕು. ವಾರ ಕಳೆದ ಮೇಲೆ ಔದೆಯ ಕಡೆಯವರು ಮಾರನೆಯ ದಿನಕ್ಕೆ ಡೇರೆ ಹಾಕಿಸಿ ಆಣೆಗೆ ಕರೆದರು.

ಮುಫ್ಲೆಹನ ಕೈ ರಿಪೇರಿ ಕೆಲಸದಲ್ಲೇ ಸವೆದದ್ದು. ಆಣೆಗೆ ಮೊದಲು ಆ ಮುಳ್ಳು ನಿಜ ಹೇಳುತ್ತದೆಯೋ ಇಲ್ಲವೋ ನೋಡೋಣ ಎಂದುಕೊಂಡ. ಅಂಗಳದಲ್ಲೇ ಜಾಕ್ ಕೊಟ್ಟು ಮುಂದಿನ ಗಾಲಿ ಎತ್ತಿ, ಗೇರ್ ಹಾಕಿದ. ಮುಳ್ಳು ನೆಟ್ಟಗೆ ಏರಿತು. ಅವನ ಎದೆ ಹಗುರಾಯಿತು.

"ನೋಡು, ನನ್ನ ಮಗ ಸುಳ್ಳಾಡಲ್ಲ ಅಂದಿದ್ದೆ ತಾನೇ?" ಎಂದಳು ಹೆಂಡತಿ ತುರ್ಕಿಯಾ, ಬಾಗಿಲಲ್ಲಿ ನಿಂತು.

"ತಣ್ಣಗಿರೋ ಗಾಡಿ ಎಲ್ಲಾ ಸಾಧುವೇ ಕಣೆ," ಎಂದ ಅವನು.

ಒಬ್ಬನೇ ಕಾರು ಹತ್ತಿ ಶೌಬಕದ ಏರಿಗೆ ಹೋದ. ಅರ್ಧ ಏರುವಷ್ಟರಲ್ಲಿ ಇಂಜಿನ್ ಕಾದು ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಇಳಿದು, ಗೇರ್‌ಬಾಕ್ಸಿನ ಮೇಲೆ ಕೂತ ವೇಗದ ಸೆನ್ಸರಿಗೆ ಬಾಟಲಿಯ ನೀರು ಸುರಿದ. ಮುಳ್ಳು ಎದ್ದಿತು, ಒಂದಿಷ್ಟು ದೂರ ಹೋಗಿ ಮತ್ತೆ ಮಲಗಿತು. ತಂತಿಯ ತಪ್ಪಲ್ಲ, ಮೀಟರಿನ ತಪ್ಪಲ್ಲ. ಸೆನ್ಸರೇ ಬಿಸಿಗೆ ಸಾಯುತ್ತಿತ್ತು. ಔದೆ ಬಿದ್ದ ಜಾಗ ಏರಿನ ತುದಿಯಲ್ಲಿತ್ತು. ಅಲ್ಲಿ ಅರವತ್ತು ತೋರಿಸಲು ಮುಳ್ಳಿಗೆ ಜೀವವೇ ಇರಲಿಲ್ಲ.

ಮನೆಗೆ ಬಂದು ಮಗನನ್ನು ಕರೆದ. "ಈ ಮುಳ್ಳು ಯಾವಾಗಿಂದ ಹಿಂಗೆ?"

ತಿರಾದ್ ನೆಲ ನೋಡಿದ. "ಚಳಿಗಾಲದಿಂದ. ಈ ಊರಲ್ಲಿ ಯಾರು ಮುಳ್ಳು ನೋಡಿ ಓಡಿಸ್ತಾರೆ ಹೇಳು? ಇಂಜಿನ್ ಸದ್ದಿನ ಮೇಲೇ ಅಲ್ವಾ?"

"ಅವತ್ತು ಸದ್ದು ಏನು ಹೇಳ್ತಿತ್ತು?"

ಹುಡುಗ ಬಾನೆಟ್ಟಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ, "ಹೊಸ ಸೆನ್ಸರ್ ಹಾಕ್ಬಿಡು ಅಪ್ಪಾ. ನಾಳೆ ಅವರು ಓಡಿಸಿ ನೋಡಿದ್ರೂ ಗೊತ್ತಾಗಲ್ಲ," ಎಂದ.

ಮುಫ್ಲೆಹ್ ಕಾರಿನಡಿ ನುಗ್ಗಿದ. ಮಣ್ಣು ಮೆತ್ತಿದ ಬೋಲ್ಟಿಗೆ ಎಣ್ಣೆ ಬಿಟ್ಟು ಕಾದ. ಬಿಚ್ಚಿ, ಹಳೆಯದನ್ನು ಎಳೆದು, ಗುಳಿಯ ಮಸಿ ಒರೆಸಿ, ತನ್ನ ಅಂಗಡಿಯಲ್ಲಿದ್ದ ಹೊಸ ಸೆನ್ಸರಿನ ಹಲ್ಲುಗಳನ್ನು ಹಳೆಯದರ ಜೊತೆ ಇಟ್ಟು ನೋಡಿ ಕೂರಿಸಿದ. ಕೆಟ್ಟದ್ದು ಕಂಡ ಮೇಲೆ ಹಾಗೇ ಬಿಡುವ ಕೈಯಲ್ಲ ಅದು. ಮಗನಿಗೆ ಅದು ಒಪ್ಪಿಗೆಯಾಗಿ ಕಂಡಿತು. ಬಹಳ ದಿನಗಳ ಮೇಲೆ ಅವನು ಹೊಟ್ಟೆ ತುಂಬ ಉಂಡ.

ಮರುದಿನ ಡೇರೆಯಲ್ಲಿ ಮುಫ್ಲೆಹನ ಮುಂದೆ ಕಾಫಿಯ ಬಟ್ಟಲಿಟ್ಟರು. ಕುಡಿದರೆ ರಾಜಿಯಾದಂತೆ. ಅವನು ಮುಟ್ಟಲಿಲ್ಲ. ಔದೆಯ ತಮ್ಮ ಸುವೈಲಿಮ್ ಎದುರು ಕೂತಿದ್ದ. ಅತ್ತು ಅತ್ತು ಕಣ್ಣು ಬಾತಿತ್ತು.

"ತಿರಾದನ ಅಪ್ಪಾ, ನಮಗೆ ನೆತ್ತರು ಬೇಡ. ನಿನ್ನ ಮಗ ಹೇಳಿದ್ದು ನಿಜ ಅಂತ ದೇವರ ಮೇಲೆ ಆಣೆ ಇಡು. ಕಾಫಿ ಕುಡಿದು ಏಳೋಣ."

ಹಿಂದಿನಿಂದ ಯಾರೋ, "ಬೇಗ ಇಡಯ್ಯಾ, ಕಾಫಿ ಆರ್ತದೆ," ಎಂದರು.

ಮುಫ್ಲೆಹ್ ಬಾಯಿ ತೆರೆದ.

"ಇಡಲ್ಲ," ಎಂದ.

ಸುವೈಲಿಮ್ ಆ ಬಟ್ಟಲನ್ನು ತಾನೇ ಎತ್ತಿ ಮರಳಿಗೆ ಚೆಲ್ಲಿದ. "ಹಂಗಾದ್ರೆ ಹೊತ್ತು ಮುಳುಗೋ ಮೊದಲು ಹೊರಡಿ. ಹೆಂಗಸರ ಮೈಮೇಲೆ ಕೈ ಬೀಳದಂಗೆ ನಾನು ನೋಡ್ಕೋತೀನಿ."

ತುರ್ಕಿಯಾ ಹಾಸಿಗೆ ಸುತ್ತಿದಳು, ರುಬ್ಬುವ ಕಲ್ಲನ್ನು ಎತ್ತಲಾರದೆ ಅಲ್ಲೇ ಬಿಟ್ಟಳು. ಗಂಡನ ಮುಖ ನೋಡಲಿಲ್ಲ. ಮುಫ್ಲೆಹ್ ಕಾರು ಹೊರಡಿಸಿದ. ತಿರಾದ್ ಮುಂದಿನ ಸೀಟಿಗೆ ಬರಲಿಲ್ಲ. ಹಿಂದೆ ಗಂಟುಮೂಟೆಗಳ ನಡುವೆ ತೂರಿಕೊಂಡು, ಅಪ್ಪನಿಗೆ ಬೆನ್ನು ಹಾಕಿ ಕೂತ.