ವಿಭೂತಿ ಹಚ್ಚಿಸಿಕೊಂಡ ಮೈಕು

ನಾನು ಒಂದು ಮೈಕು. ಬೆಚ್ಚಿಬೀಳುವುದೇ ನನ್ನ ಕಸುಬು. ನನ್ನ ಎದೆಯೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಪೊರೆ ಇದೆ. ಎದುರಿಗೆ ಯಾರಾದರೂ ಉಸಿರೆಳೆದರೂ ಸಾಕು, ಅದು ನಡುಗುತ್ತದೆ. ಆ ನಡುಕವೇ ತಂತಿಯಲ್ಲಿ ಹರಿದು ಕಂಪ್ಯೂಟರಿಗೆ ಹೋಗುತ್ತದೆ. ಗುಂಡಿಗೆ ಗಟ್ಟಿಯಿರುವ ಮೈಕು ಯಾವ ಕೆಲಸಕ್ಕೂ ಬಾರದು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಣ್ಣು ಬಿಡುವ ಹೊತ್ತಿಗೆ ಹೆಣ್ಣುಮಗಳೊಬ್ಬಳು ನನ್ನ ಮುಖದ ಮುಂದೆ ಚಿಟಿಕೆ ಹೊಡೆದಳು. ಜೀವ ಬಾಯಿಗೆ ಬಂತು. ಅವಳು ನಕ್ಕು ನನ್ನನ್ನು ತಿರುಗಿಸಿ ಬೆನ್ನ ಹಿಂದೆ ಇನ್ನೊಂದು ಚಿಟಿಕೆ ಹೊಡೆದಳು. ಅದು ನನಗೆ ಕೇಳಿಸಿಯೂ ಕೇಳಿಸದ ಹಾಗಾಯಿತು. ಹಾಗೆಯೇ ಇರಬೇಕಂತೆ! ನನ್ನ ಜಾತಿಯವರಿಗೆ ಮುಖದಲ್ಲಷ್ಟೇ ಕಿವಿ, ಬೆನ್ನು ಹೆಚ್ಚುಕಡಿಮೆ ಕಿವುಡು. ಕಂಪನಿಯ ಗುರುತು ಇರುವ ಕಡೆಯೇ ಮುಖ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಮೊದಲು ಕೊಂಡವನು ಧಾರವಾಡದ ಹಾಡುಗಾರ. ನಾನು ಅವನ ಹಾಡಿನ ಜೊತೆಗೆ ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೇಲಿನ ಮನೆಯವರ ಜಗಳ ಎಲ್ಲವನ್ನೂ ಹಿಡಿದುಕೊಟ್ಟೆ. ಎಂಟೇ ದಿನಕ್ಕೆ ಅವನು ನನ್ನನ್ನು ಹುಬ್ಬಳ್ಳಿಯ ಅಂಗಡಿಗೆ ಮರಳಿಸಿದ. ನನ್ನ ತಪ್ಪೇನು? ಬಳಸಿದ ಮಾಲೆಂದು ಅಂಗಡಿಯ ಕೆಳಗಿನ ಅರೆಯಲ್ಲಿ ಕೂತು ಮುಖ ಸಣ್ಣದು ಮಾಡಿಕೊಂಡಿದ್ದೆ.

ಅಲ್ಲಿಗೆ ಒಂದು ದಿನ ನೀಲಾಂಬಿಕಾ ಬಂದಳು. ಇಳಕಲ್ಲಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳು. ಕೈಯಲ್ಲಿ ಉದ್ದನೆಯ ಪಟ್ಟಿ: ಮಿಕ್ಸರ್, ಸೌಂಡ್ ಕಾರ್ಡ್, ಎರಡು ಮೈಕು, ದೊಡ್ಡ ಸ್ಪೀಕರ್. ಅಂಗಡಿಯ ದಾದಾಪೀರ್ ಅದನ್ನು ಮೇಲಿಂದ ಕೆಳಗೆ ಓದಿದರು.

“ಎಷ್ಟ ಮಂದಿ ಮಾತಾಡೋರ್ರಿ ಅಕ್ಕಾರ?”

“ಒಬ್ಬರ. ನಮ್ಮಪ್ಪ.”

“ಎಲ್ಲಿ ಕುಂತು?”

“ಮನ್ಯಾಗ, ಪಡಸಾಲ್ಯಾಗ. ಹಳೇದೊಂದು ಕಂಪ್ಯೂಟರ್ ಐತಿ.”

“ಹಂಗಾರ ಈ ಪಟ್ಟಿ ಹರದ ಒಗೀರಿ. ಸೀದಾ ಕಂಪ್ಯೂಟರಿಗೆ ಚುಚ್ಚೋ ಮೈಕ್ ಒಂದು, ಕಿವಿ ಪೂರಾ ಮುಚ್ಚೋ ಹೆಡ್‌ಫೋನ್ ಒಂದು, ಗಟ್ಟಿ ಸ್ಟ್ಯಾಂಡ್ ಒಂದು. ಮುಗೀತು. ಮನ್ಯಾಗ ಹೊದಿಯೋ ಕೌದಿ ಗ್ವಾಡಿಗೆ ಕಟ್ರಿ, ದನಿ ಗುಂಯ್ ಅನ್ನೂದಿಲ್ಲ. ಮೊದಲನೇ ಸಲಕ್ಕ ಇಷ್ಟ ಸಾಕು. ಕಲಿತಮ್ಯಾಲ ದೊಡ್ಡದ ತಗೋರಿ.”

“ಕಲಿಯಾಕ ಟೈಮಿಲ್ರಿ ಅಣ್ಣಾರ. ಇನ್ನ ಹದಿಮೂರ ದಿನಕ್ಕ ಅಪ್ಪನ ಗಂಟಲ ಆಪರೇಷನ್. ದನಿ ಪೆಟಗೀನ ತಗೀತಾರಂತ. ಆಮ್ಯಾಲ ದನಿ ಇರೂದಿಲ್ಲ.”

ಅರೆಯೊಳಗೆ ಕೂತಿದ್ದ ನನಗೆ ಎದೆ ಧಸಕ್ಕೆಂದಿತು. ಮನುಷ್ಯನ ದನಿಯನ್ನು ತೆಗೆಯುತ್ತಾರೆಯೇ? ದಾದಾಪೀರ್ ಬಗ್ಗಿ ನನ್ನನ್ನು ಎತ್ತಿ ಒರೆಸಿದರು. “ಎಂಟ ದಿನ ಬಳಸಿದ್ದು, ಏನೂ ಐಬಿಲ್ಲ. ಹೊಸದರ ಅರ್ಧ ರೇಟಿಗೆ ಒಯ್ರಿ. ಈ ಗುರುತು ಐತೆಲ್ಲ, ಇದರ ಮುಂದ ಕುಂತು ಮಾತಾಡಬೇಕು” ಎಂದರು.

ನೀಲಾಂಬಿಕಾಳ ಅಪ್ಪ ಮುರಿಗೆಪ್ಪನವರು ಮೂವತ್ತೊಂದು ವರ್ಷ ಬಸ್ ನಿಲ್ದಾಣದ ವಿಚಾರಣಾ ಕಿಟಕಿಯೊಳಗೆ ಕೂತು ಬಸ್ಸುಗಳ ಹೆಸರು ಕೂಗಿದವರು. ಸುತ್ತಲ ಹಳ್ಳಿಗಳಿಗೆ ಅವರ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ನಾನು ಕೇಳುವ ಹೊತ್ತಿಗೆ ಆ ದನಿಯ ಅಂಚು ಹರಿದಿತ್ತು. ಆದರೂ ಏನು ದನಿ! ಮೊದಲ ದಿನ ನೀಲಾಂಬಿಕಾ ಗುಂಡಿ ಒತ್ತಿ “ಏನರ ಅನ್ನಪ್ಪಾ” ಎಂದಾಗ ಅವರು ಬಸ್ಸಿನ ಊರು ಕೂಗುವಂತೆ “ಕುಷ್ಟಗಿ” ಎಂದರು. ಅಷ್ಟಕ್ಕೇ ನಾನು ತತ್ತರಿಸಿಹೋದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮಗಳಿಗೆ ಕಣ್ಣು ತುಂಬಿತು. ಎಲ್ಲವೂ ಸರಿಯಾಗಿತ್ತು.

ಆಮೇಲೆ ಮುರಿಗೆಪ್ಪನವರ ಹೆಂಡತಿ ಶರಣವ್ವ ಬಂದರು. ಮನೆಗೆ ಬಂದ ಹೊಸ ವಸ್ತುವಿಗೆ ಪೂಜೆ ಆಗದೆ ಹೇಗೆ? ಗುರುತಿನ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ಊದುಬತ್ತಿ ಬೆಳಗಿದರು. ಅಷ್ಟು ಹೊತ್ತೂ ಅವರ ತುಟಿ ಅಲುಗುತ್ತಿತ್ತು, ಮಾತು ಮಾತ್ರ ಹೊರಬರಲಿಲ್ಲ.

ಮರುದಿನದಿಂದ ದಿನಚರಿ ಶುರುವಾಯಿತು. ಬೆಳಗ್ಗೆ ನೀಲಾಂಬಿಕಾ ಕಂಪ್ಯೂಟರ್ ಹಚ್ಚಿ, ಗುಂಡಿ ಒತ್ತಿ, ಅಂಗಡಿಗೆ ಹೋಗುವಳು. ಅಪ್ಪ ಕುರ್ಚಿಯಲ್ಲಿ ಕೂತು ತಮ್ಮ ಬಾಲ್ಯ, ನೌಕರಿ, ಮಗಳು ಹುಟ್ಟಿದ ದಿನ ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು. ಅವಳು ಹೊಸಿಲು ದಾಟಿದ್ದೇ ತಡ, ಮುರಿಗೆಪ್ಪನವರು ನನ್ನ ಕೊರಳಿಗೆ ಕೈ ಹಾಕಿದರು.

“ವಿಭೂತಿ ಹಚ್ಚಿದ ಮಾರಿಗೆ ಎಂಜಲಾ ಸಿಡಸಬಾರದು” ಎಂದು ತಮಗೆ ತಾವೇ ಹೇಳಿಕೊಂಡು ನನ್ನನ್ನು ಮೆಲ್ಲಗೆ ತಿರುಗಿಸಿಬಿಟ್ಟರು. ಈಗ ಅವರ ಕಡೆಗೆ ನನ್ನ ಬೆನ್ನು. ನನ್ನ ಮುಖ ಮೇಜಿನಾಚೆಯ ಅಡುಗೆಮನೆಯ ಬಾಗಿಲಿಗೆ!

ನಾನು ದಂಗಾದೆ. ಅಯ್ಯಾ, ಅದು ನನ್ನ ಕಿವುಡು ಬೆನ್ನು, ಎಂದು ಕೂಗಬೇಕೆನಿಸಿತು. ಆದರೆ ಮೈಕಿಗೆ ಕೇಳುವುದು ಗೊತ್ತೇ ಹೊರತು ಹೇಳುವುದು ಗೊತ್ತಿಲ್ಲ. ಅವರು ತಾಸುಗಟ್ಟಲೆ ನನ್ನ ಬೆನ್ನಿಗೆ ತಮ್ಮ ಜೀವಮಾನವನ್ನು ಹೇಳಿದರು. ಮುಗಿದ ಮೇಲೆ ಭಕ್ತಿಯಿಂದ ನನ್ನನ್ನು ಮೊದಲಿನಂತೆ ತಿರುಗಿಸಿಟ್ಟರು.

ಸಂಜೆ ಮಗಳು ಬಂದು ಪರದೆಯ ಮೇಲೆ ಏರಿಳಿಯುವ ಗೆರೆಗಳನ್ನು ನೋಡಿ ಸಮಾಧಾನಪಟ್ಟಳು. ಕೇಳಲು ಹೆಡ್‌ಫೋನ್ ಎತ್ತಿಕೊಂಡರೆ ಅಪ್ಪ ಬಿಡಲಿಲ್ಲ. “ನಾ ಇನ್ನೂ ಮಾತಾಡಾಕತ್ತೇನಿ, ಇದ್ದಾಗ ಇದ್ದದ್ದನ್ನ ಕೇಳವಾ. ಅದನ್ನ ಆಮ್ಯಾಲ ಕೇಳಾಕ ಇಟ್ಕೊ” ಎಂದರು. ಆ ಮಾತನ್ನು ಮೀರಲು ಅವಳಿಗೆ ಮನಸ್ಸಾಗಲಿಲ್ಲ. ಹೀಗೆ ಹನ್ನೊಂದು ದಿನ ಕಳೆಯಿತು. ದಿನದಿನಕ್ಕೆ ಅವರ ದನಿ ಸವೆಯುತ್ತಿತ್ತು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ನೀಲಾಂಬಿಕಾ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಲು ಕೂತಳು. ಸರಿಯಿದೆಯೋ ಇಲ್ಲವೋ ಎಂದು ಹೆಡ್‌ಫೋನ್ ಏರಿಸಿಕೊಂಡಳು. ಅವಳ ಮುಖ ಬಿಳುಚಿಕೊಂಡಿತು. ಇನ್ನೊಂದು ದಿನದ್ದು ತೆರೆದಳು, ಮತ್ತೊಂದು ತೆರೆದಳು.

“ಅಪ್ಪಾ! ನಿನ್ನ ದನಿ ಇಲ್ಲೋ ಇದರಾಗ!”

ಹೆಡ್‌ಫೋನಿನ ತಂತಿ ಕಿತ್ತು ಎಲ್ಲರಿಗೂ ಕೇಳುವಂತೆ ಬಿಟ್ಟಳು. ಗೋಡೆಯಾಚೆಯವರು ಮಾತಾಡಿದಂತೆ ಮುರಿಗೆಪ್ಪನವರ ದನಿ ಗೊಣಗುಟ್ಟಿತು, ಒಂದು ಪದವೂ ತಿಳಿಯಲಿಲ್ಲ. ಅದರ ಮೇಲೆ ಪಟಪಟ ರೊಟ್ಟಿ ಬಡಿಯುವ ಸದ್ದು, ಕನ್ನಡಿಯಷ್ಟು ನಿಚ್ಚಳವಾಗಿ. ಸದ್ದು ನಿಂತಿತು. ತನ್ನಷ್ಟಕ್ಕೆ ತಾನೇ ಮೆಲ್ಲಗೆ ಮಾತಾಡಿಕೊಳ್ಳುವ ಒಂದು ಹೆಣ್ಣುದನಿ ಬಂತು.

“ಏ ಮುರಿಗೆಪ್ಪಾ… ನೀ ಮೂಕ ಆಗಿ ಕುಂತ್ರ ನಾ ಯಾರ ಕೂಡ ಜಗಳಾ ತಗೀಲಿ? ಉಪ್ಪ ಹೆಚ್ಚಾತಂತ ಯಾರ ಬೈಬೇಕೋ ನನಗ? ಮೂವತ್ತೊಂದ ವರ್ಷ ಊರ ಮಂದೀನೆಲ್ಲಾ ಕರದಿ. ನನ್ನ ಹೆಸರ ಹಿಡದ ಒಂದ ಸಲಾನೂ ಕರೀಲಿಲ್ಲ. ಈಗ ದನೀನ ಹೊಂಟೈತಿ.”

ಮತ್ತೆ ಪಟಪಟ ಶುರುವಾಯಿತು.

ಮದುವೆಯಾದಾಗಿನಿಂದ ಗಂಡನ ಹೆಸರನ್ನು ನಾಲಿಗೆಗೆ ತಂದುಕೊಳ್ಳದ ಹೆಂಗಸು, “ರೀ” ಬಿಟ್ಟು ಇನ್ನೊಂದು ಮಾತಿನಿಂದ ಕರೆಯದ ಹೆಂಗಸು! ಶರಣವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದರು. ಮುರಿಗೆಪ್ಪನವರು ಸಿಡಿಲು ಬಡಿದವರಂತೆ ಕೂತುಬಿಟ್ಟರು.

“ಯಾರ ತಿರುವಿದ್ರು ಇದನ್ನ?” ಮಗಳು ಅಳುತ್ತ ಕೇಳಿದಳು.

“ನಾನ ತಿರುವಿದೆನವಾ. ವಿಭೂತಿ ಇತ್ತಲ್ಲ.”

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಹನ್ನೊಂದು ದಿನಗಳನ್ನು ಮತ್ತೆ ಹೇಳಿಸಲು ಇದ್ದದ್ದು ಒಂದು ಸಂಜೆ, ಆ ಗಂಟಲಲ್ಲಿ ಉಳಿದದ್ದು ನಾಲ್ಕು ಮಾತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಧಾರವಾಡದಲ್ಲಿ ಬೇಡದ್ದನ್ನೆಲ್ಲ ಕೇಳಿದವನು ಇಲ್ಲಿ ಬೇಕಾದ್ದನ್ನು ಕೇಳದೆ ಹೋದೆನಲ್ಲ.

ಮುರಿಗೆಪ್ಪನವರು ಎದ್ದರು. ನನ್ನ ಮುಖದ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿ ತಮ್ಮ ಗಂಟಲಿಗೆ ಹಚ್ಚಿಕೊಂಡರು. ನನ್ನನ್ನು ತಮ್ಮ ಕಡೆ ತಿರುಗಿಸಿದರು. “ಒತ್ತವಾ” ಎಂದರು. ನೀಲಾಂಬಿಕಾ ಒತ್ತಿದಳು. ಅವರು ಕಿಟಕಿಯೊಳಗೆ ಕೂರುತ್ತಿದ್ದಂತೆ ಬೆನ್ನು ನೆಟ್ಟಗೆ ಮಾಡಿ ಕೂತರು.

“ಪ್ರಯಾಣಿಕರ ಗಮನಕ್ಕೆ. ಶರಣವ್ವ ಮುರಿಗೆಪ್ಪ ಕೊಣ್ಣೂರ. ಶರಣವ್ವ ಮುರಿಗೆಪ್ಪ ಕೊಣ್ಣೂರ. ಇವರು ಎಲ್ಲಿದ್ದರೂ ಕೂಡಲೇ ವಿಚಾರಣಾ ಕಿಟಕಿಯ ಹತ್ತಿರ ಬರಬೇಕು. ಅವರ ಯಜಮಾನರು ಕಾಯುತ್ತಿದ್ದಾರೆ.”

ಕೊನೆಯ ಪದದಲ್ಲಿ ದನಿ ಒಡೆಯಿತು. ನನ್ನ ಪೊರೆ ಹರಿದೇಹೋಯಿತು ಎಂದುಕೊಂಡೆ. ಹರಿಯಲಿಲ್ಲ. ಒಂದು ಉಸಿರನ್ನೂ ಬಿಡದೆ ಹಿಡಿದುಕೊಟ್ಟೆ. ಶರಣವ್ವ ಹಿಟ್ಟಿನ ಕೈಯಲ್ಲೇ ಬಂದು ಕುರ್ಚಿಯ ಪಕ್ಕ ನಿಂತರು.

ಇದೆಲ್ಲ ಆಗಿ ಆರು ವರ್ಷವಾಯಿತು. ಆಪರೇಷನ್ ಆಯಿತು, ದನಿ ಹೋಯಿತು, ಜೀವ ಉಳಿಯಿತು. ಆಮೇಲೆ ಯಾರೂ ನನ್ನ ಮುಂದೆ ಕೂರಲಿಲ್ಲ. ಸಂದಿಗಳಲ್ಲಿ ಕುಂಕುಮದ ಪುಡಿ ಕೂತಿದೆ, ತಂತಿಯನ್ನು ಇಲಿ ಕಡಿದಿದೆ. ಕೌದಿಯ ಮೇಲೆ, ಅಲ್ಮಾರಿಯ ತಲೆಯಲ್ಲಿ ಕೂತು ಮನೆಯನ್ನು ನೋಡುತ್ತಿರುತ್ತೇನೆ. ತಂತಿ ಇಲ್ಲದಿದ್ದರೇನು, ಪೊರೆ ನಡುಗುವುದನ್ನು ಬಿಟ್ಟಿಲ್ಲ.

ಮುರಿಗೆಪ್ಪನವರು ಕಂಪ್ಯೂಟರಿನ ಒಂದು ಗುಂಡಿ ಕಲಿತಿದ್ದಾರೆ. ಚಹಾ ಬೇಕಾದರೆ, ಕನ್ನಡಕ ಸಿಗದಿದ್ದರೆ, ಸುಮ್ಮನೆ ಬೇಸರವಾದರೆ ಅದನ್ನು ಒತ್ತುತ್ತಾರೆ. ‘ಪ್ರಯಾಣಿಕರ ಗಮನಕ್ಕೆ’ ಎಂದು ಆ ದನಿ ಮನೆ ತುಂಬಿದಾಗ ನಾನು ಇಂದಿಗೂ ಮೊದಲ ಸಲ ಕೇಳಿದಂತೆ ಬೆಚ್ಚುತ್ತೇನೆ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಲ್ಲುತ್ತದೆ.

“ಬಂದೆ ಮುರಿಗೆಪ್ಪಾ, ಬಂದೆ! ಬಸ್ಸೇನ ಹೊಂಟ ಹೋಗೂದಿಲ್ಲ.”